ಮೊದಲು ಪರಿವಿಡಿ ನೋಡಿ: 66 ಪುಸ್ತಕಗಳ ಸತ್ಯವೇದ, 73 ಪುಸ್ತಕಗಳ ಬೈಬಲ್, ಕೊಳ್ಳುವುದು ಯಾವುದನ್ನು?

ಹಾಸನದ ಪ್ರೊಟೆಸ್ಟೆಂಟ್ ಮನೆಗಳಲ್ಲಿ ಸಾಮಾನ್ಯವಾಗಿ ಸಿಗುವುದು ಕಪ್ಪು ರಟ್ಟಿನ ‘ಸತ್ಯವೇದವು’. ಅದೇ ಬೀದಿಯ ಕಥೋಲಿಕರ ಮನೆಯಲ್ಲಿರುವ ಬೈಬಲ್ ಅದಕ್ಕಿಂತ ಒಂದಿಷ್ಟು ದಪ್ಪ. ಎರಡನ್ನೂ ಒಂದೇ ಮೇಜಿನ ಮೇಲಿಟ್ಟು, ಪುಟಕ್ಕೆ ಪುಟ ತಾಳೆ ನೋಡುವ ರೂಢಿ ನಮ್ಮಲ್ಲಿಲ್ಲ. ‘ವಾಕ್ಯದಲ್ಲಿ (ಅಂದರೆ ಬೈಬಲಿನಲ್ಲಿ) ಎಲ್ಲಿದೆ ತೋರಿಸಿ’ ಎಂಬ ಮಾತು ಕೇಳಿಯೇ ಬೆಳೆದವರು ಈಗ ತಿರುಗಿ ‘ಇಷ್ಟೇ ಪುಸ್ತಕಗಳು ವಾಕ್ಯ ಅಂತ ವಾಕ್ಯದಲ್ಲಿ ಎಲ್ಲಿದೆ?’ ಎಂದು ಕೇಳತೊಡಗಿದ್ದರೆ, ಅವರಿಗಾಗಿ ಈ ವಿಮರ್ಶೆ. ಎದುರಿಗಿರುವ ಸರಕು ಎರಡು: ಬೈಬಲ್ ಸೊಸೈಟಿಯ ಹಳೆಯ ಶೈಲಿಯ ಅನುವಾದವಾದ ಜೆ.ವಿ. ಪಠ್ಯದ 66 ಪುಸ್ತಕಗಳ ಸತ್ಯವೇದ, ಮತ್ತು ಸರಳ ಭಾಷೆಯ ಅನುವಾದವಾದ ಸಿ.ಎಲ್. (ಕಾಮನ್ ಲ್ಯಾಂಗ್ವೇಜ್) ಪಠ್ಯದ 73 ಪುಸ್ತಕಗಳ ಬೈಬಲ್. ಆಸ್ಪತ್ರೆ, ಶಾಲೆಗಳಲ್ಲಿ ಪುಕ್ಕಟೆ ಹಂಚುವ ಅಂಗೈಯಗಲದ ಗಿಡಿಯನ್ ಪುಸ್ತಕವನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ. ಅದರಲ್ಲಿರುವುದು ಹೊಸ ಒಡಂಬಡಿಕೆ, ಜೊತೆಗೆ ಹೆಚ್ಚೆಂದರೆ ಕೀರ್ತನೆ, ಜ್ಞಾನೋಕ್ತಿ. ನಮ್ಮ ಪ್ರಶ್ನೆಗೆ ಅದು ಸಾಲದು.

ಅಂಗಡಿಯಲ್ಲಾಗಲಿ, ಚರ್ಚಿನ ಬಾಗಿಲಲ್ಲಿ ಹಾಕಿದ ಪುಸ್ತಕದ ಮೇಜಿನಲ್ಲಾಗಲಿ, ಕನ್ವೆನ್ಷನ್ ಪೆಂಡಾಲಿನಲ್ಲಾಗಲಿ ಮೊದಲು ತೆರೆಯಬೇಕಾದದ್ದು ಪರಿವಿಡಿ. ಪ್ರವಾದಿಯೂ ಬರೆಯದ, ಅಪೊಸ್ತಲನೂ ಬರೆಯದ ಪುಟ ಅದು. ಹಳೆಯ ಒಡಂಬಡಿಕೆ 39, ಹೊಸದು 27 ಇದ್ದರೆ ಪ್ರೊಟೆಸ್ಟೆಂಟ್ ಪಟ್ಟಿ. ಹಳೆಯದು 46 ಇದ್ದರೆ ಕಥೋಲಿಕ ಪಟ್ಟಿ. ಹೆಚ್ಚಿನ ಏಳು ಎಂದರೆ ತೊಬೀತ, ಯೂದಿತ್, ಮಕ್ಕಬಿಯರ ಎರಡು ಪುಸ್ತಕಗಳು, ಜ್ಞಾನಗ್ರಂಥ, ಸಿರಾಖ, ಬಾರೂಕ. ಹೆಸರುಗಳ ಕಾಗುಣಿತ ಮುದ್ರಣದಿಂದ ಮುದ್ರಣಕ್ಕೆ ಅಲ್ಪಸ್ವಲ್ಪ ಬೇರೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ ‘ಸಿ.ಎಲ್. ಕೊಡಿ’ ಎಂದಷ್ಟೇ ಹೇಳಿ ಕೊಂಡು ಬರಬೇಡಿ. ಅನುವಾದ ಒಂದೇ ಎಂದ ಮಾತ್ರಕ್ಕೆ ಪರಿವಿಡಿಯೂ ಒಂದೇ ಎನ್ನುವಂತಿಲ್ಲ. ಎಣಿಸಿಯೇ ನೋಡಿ.

ಎಣಿಸುವಾಗ ಒಂದು ತೊಡಕು ಎದುರಾಗುತ್ತದೆ. ಏಳು ಪುಸ್ತಕಗಳಲ್ಲದೆ ಎಸ್ತೇರ್ ಮತ್ತು ದಾನಿಯೇಲ ಗ್ರಂಥಗಳಿಗೂ ಹೆಚ್ಚಿನ ಭಾಗಗಳಿವೆ. ಪ್ರೊಟೆಸ್ಟೆಂಟ್ ದಾನಿಯೇಲ 12ನೇ ಅಧ್ಯಾಯಕ್ಕೆ ಮುಗಿಯುತ್ತದೆ, ಕಥೋಲಿಕರದ್ದು 14ಕ್ಕೆ. 13ರಲ್ಲಿ ಸುಸನ್ನಳ ಕಥೆ, 14ರಲ್ಲಿ ಬೇಲ್ ವಿಗ್ರಹ ಮತ್ತು ಘಟಸರ್ಪದ ಕಥೆ. ಮೂರನೇ ಅಧ್ಯಾಯದಲ್ಲಿ ಬೆಂಕಿಯ ಕುಲುಮೆಯಲ್ಲಿದ್ದ ಮೂವರ ಹಾಡು ನಡುವೆ ಸೇರುವುದರಿಂದ 30 ವಚನಗಳ ಅಧ್ಯಾಯ ಸುಮಾರು ಮೂರು ಪಟ್ಟು ಬೆಳೆಯುತ್ತದೆ. ಕೆಲವು ಮುದ್ರಣಗಳಲ್ಲಿ ಈ ಭಾಗಗಳೂ ಏಳು ಪುಸ್ತಕಗಳೂ ಎರಡು ಒಡಂಬಡಿಕೆಗಳ ನಡುವೆ ಪ್ರತ್ಯೇಕವಾಗಿ ಬರುತ್ತವೆ. ಇದು ಅಚ್ಚುಕೂಟದವರು ಮಾಡಿದ ಎಡವಟ್ಟಲ್ಲ. ಬೈಬಲ್ ಸೊಸೈಟಿಗಳ ಒಕ್ಕೂಟವೂ ವ್ಯಾಟಿಕನ್ನೂ ಕೂಡಿ ಅನುವಾದ ಮಾಡಲು 1968ರಲ್ಲಿ ಒಪ್ಪಿಕೊಂಡ ನಿಯಮಗಳಿಂದ ಬಂದ ಏರ್ಪಾಡು. ದಾನಿಯೇಲನಲ್ಲಿ 12 ಅಧ್ಯಾಯ ಮಾತ್ರ ಕಂಡರೆ ಪುಸ್ತಕ ಕೆಳಗಿಡುವ ಮೊದಲು ಮಧ್ಯದ ಭಾಗವನ್ನೊಮ್ಮೆ ತಿರುವಿ ನೋಡಿ.

ಇನ್ನು, ಕನ್ನಡ ಸತ್ಯವೇದದಲ್ಲಿ 66 ಮಾತ್ರ ಏಕಿದೆ? ‘ಲೂಥರ್ ಏಳು ಪುಸ್ತಕ ಕಿತ್ತು ಬಿಸಾಡಿದ’ ಎಂದು ಕಥೋಲಿಕರ ಕಡೆ ಹೇಳುವುದುಂಟು. ‘1546ರಲ್ಲಿ ಟ್ರೆಂಟ್ ಸಭೆ ಏಳು ಪುಸ್ತಕ ಸೇರಿಸಿತು’ ಎಂದು ಪ್ರೊಟೆಸ್ಟೆಂಟರ ಕಡೆ. ಎರಡೂ ತಪ್ಪು. ಪ್ರೊಟೆಸ್ಟೆಂಟ್ ಸುಧಾರಕ ಲೂಥರನ 1534ರ ಜರ್ಮನ್ ಬೈಬಲಿನಲ್ಲಿ ಇವು ಇದ್ದವು. ಪವಿತ್ರ ಶಾಸ್ತ್ರಕ್ಕೆ ಸಮಾನವಲ್ಲ, ಓದಲು ಒಳ್ಳೆಯವು ಎಂಬ ತಲೆಬರಹದಡಿ ಬೇರೆಯಾಗಿ ಇಟ್ಟಿದ್ದ. 1611ರ ಇಂಗ್ಲಿಷ್ ಕಿಂಗ್ ಜೇಮ್ಸ್ ಬೈಬಲಿನಲ್ಲೂ ಇದ್ದವು. ಕಥೋಲಿಕ ಧರ್ಮಾಧ್ಯಕ್ಷರು ಸೇರಿದ್ದ ಆ ಟ್ರೆಂಟ್ ಸಭೆಯ ಪಟ್ಟಿಯೂ ಹೊಸದಲ್ಲ. 1442ರಲ್ಲಿ ಫ್ಲಾರೆನ್ಸ್ ಸಭೆ ಅದನ್ನೇ ಹೇಳಿತ್ತು. ಉತ್ತರ ಆಫ್ರಿಕದ ಹಿಪ್ಪೋ (393) ಮತ್ತು ಕಾರ್ಥೇಜ್ (397) ಸಭೆಗಳೂ ಈ ಪುಸ್ತಕಗಳನ್ನು ಒಪ್ಪಿದ್ದವು. ‘325ರ ನೈಸಿಯಾ ಸಭೆಯಲ್ಲಿ ಬೈಬಲನ್ನು ಆರಿಸಿದರು’ ಎನ್ನುವ ಮೂರನೇ ಮಾತೊಂದು ವಾಟ್ಸಾಪಿನಲ್ಲಿ ಓಡಾಡುತ್ತದೆ. ಆ ಸಭೆಯ ನಿಯಮಗಳಲ್ಲಿ ಪುಸ್ತಕಗಳ ಪಟ್ಟಿಯೇ ಇಲ್ಲ.

ನಮ್ಮ ಕೈಗೆ ಬಂದ ಸತ್ಯವೇದಕ್ಕೆ ಸಂಬಂಧಪಟ್ಟ ನಿಜವಾದ ತೀರ್ಮಾನ ನಡೆದದ್ದು ಲಂಡನ್ನಿನಲ್ಲಿ. 1804ರಲ್ಲಿ ಹುಟ್ಟಿದ ಬ್ರಿಟಿಷ್ ಅಂಡ್ ಫಾರಿನ್ ಬೈಬಲ್ ಸೊಸೈಟಿಯೊಳಗೆ ಅಪೊಕ್ರಿಫದ (ಪ್ರೊಟೆಸ್ಟೆಂಟರು ಪಟ್ಟಿಯಿಂದ ಹೊರಗಿಡುವ ಈ ಪುಸ್ತಕಗಳ) ಬಗ್ಗೆ ದೊಡ್ಡ ಜಗಳವಾಗಿ, ಆ ಪುಸ್ತಕಗಳಿರುವ ಬೈಬಲಿಗೆ ಸೊಸೈಟಿಯ ಹಣ ಸಲ್ಲದು ಎಂದು 1826ರ ಹೊತ್ತಿಗೆ ತೀರ್ಮಾನವಾಯಿತು. ಲಂಡನ್ ಮಿಷನ್ನಿನವರು ಬಳ್ಳಾರಿಯಲ್ಲಿ ಕನ್ನಡದ ಪೂರ್ಣ ಬೈಬಲ್ ಅಚ್ಚು ಮಾಡಿದ್ದು ಅದಾದ ಕೆಲವೇ ವರ್ಷಗಳಿಗೆ. ತೊಬೀತ, ಸಿರಾಖ ಕನ್ನಡದ ಪ್ರೊಟೆಸ್ಟೆಂಟ್ ಓದುಗರಿಗೆ ಸಿಗದೆ ಹೋದದ್ದಕ್ಕೆ ಯಾವ ಸಭೆಯ ದೈವಶಾಸ್ತ್ರಕ್ಕಿಂತಲೂ ಈ ಖರ್ಚಿನ ನಿಯಮವೇ ಹತ್ತಿರದ ಕಾರಣ. ಹಾಸನಕ್ಕೆ ಇನ್ನೊಂದು ಕೊಂಡಿಯೂ ಇದೆ. ಇಲ್ಲಿಯ ಹಳೆಯ ಪ್ರೊಟೆಸ್ಟೆಂಟ್ ಕೆಲಸ ವೆಸ್ಲಿಯನ್ ಮಿಷನ್ನಿನದು, ಅಂದರೆ ಆಂಗ್ಲಿಕನ್ ಸಭೆಯಿಂದ ಕವಲೊಡೆದ ಮೆಥೊಡಿಸ್ಟರದು. ಆಂಗ್ಲಿಕನ್ ಸಭೆಯ 39 ವಿಧಿಗಳಲ್ಲಿ ಆರನೆಯದು ಅಪೊಕ್ರಿಫದ ಹೆಸರುಗಳನ್ನು ಹೇಳಿ, ನಡತೆ ಕಲಿಯಲು ಓದಬಹುದು, ಸಿದ್ಧಾಂತ ಕಟ್ಟಲು ಸಲ್ಲದು ಎನ್ನುತ್ತದೆ. ಜಾನ್ ವೆಸ್ಲಿ 1784ರಲ್ಲಿ ಅಮೆರಿಕದ ಮೆಥೊಡಿಸ್ಟರಿಗಾಗಿ ಆ ವಿಧಿಗಳನ್ನು ಮೊಟಕುಗೊಳಿಸಿದಾಗ ಅಪೊಕ್ರಿಫದ ಆ ಭಾಗವನ್ನೇ ಬಿಟ್ಟುಬಿಟ್ಟ. 1947ರಲ್ಲಿ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ರಚನೆಯಾದಾಗ ಆಂಗ್ಲಿಕನರೂ ಮೆಥೊಡಿಸ್ಟರೂ ಒಂದೇ ಸೂರಿನಡಿ ಬಂದರು. ಹೀಗಾಗಿ ಸಿ.ಎಸ್.ಐ.ನವರು ಈ ಏಳು ಪುಸ್ತಕಗಳನ್ನು ಓದಿದರೆ ಮನೆತನಕ್ಕೆ ದ್ರೋಹವಾಯಿತು ಎಂದೇನೂ ಹೆದರಬೇಕಿಲ್ಲ. ಮನೆಯ ಒಂದು ಕವಲಿನಲ್ಲಿ ಅವು ಮೊದಲಿನಿಂದ ಇದ್ದವು.

ಅಧಿಕಾರದ ಪ್ರಶ್ನೆಗೆ ಬರೋಣ. ತೋಟ, ಗದ್ದೆ ಇರುವವರಿಗೆ ಪಹಣಿಯ ಮೂಲಕ ಹೇಳಿದರೆ ಬೇಗ ಹತ್ತುತ್ತದೆ. ಪಹಣಿಯಲ್ಲಿ ಸರ್ವೆ ನಂಬರ್ ಇದೆ, ವಿಸ್ತೀರ್ಣ ಇದೆ, ಹೆಸರಿದೆ. ಆದರೆ ‘ಈ ಪಹಣಿ ಅಸಲಿ’ ಎಂದು ಪಹಣಿಯೇ ಹೇಳಿಕೊಂಡರೆ ಬ್ಯಾಂಕಿನವರು ಸಾಲ ಕೊಡುವುದಿಲ್ಲ. ಹಿಂದೆ ಒಂದು ಕಚೇರಿ, ಒಂದು ರಿಜಿಸ್ಟರು, ಒಂದು ಮೊಹರು ಬೇಕು. ಹಳೆಯ ಸಭೆಗಳವರ (ಕಥೋಲಿಕರ, ಆರ್ಥೊಡಾಕ್ಸರ) ವಾದ ಇದೇ: ಯಾವ ಪತ್ರಿಕೆ ಪೌಲನದು, ಯಾವ ಸುವಾರ್ತೆ ಅಸಲಿ ಎಂದು ಗುರುತಿಸಿದ ಕಚೇರಿ ಧರ್ಮಸಭೆ, ಕಚೇರಿಯನ್ನು ನಂಬದೆ ಪಹಣಿ ಮಾತ್ರ ನಂಬುತ್ತೇವೆ ಎನ್ನಲಾಗದು. ಪ್ರೊಟೆಸ್ಟೆಂಟರ ಉತ್ತರವೂ ಅದೇ ಕಚೇರಿಯಲ್ಲೇ ಇದೆ: ತಹಸೀಲ್ದಾರ ಭೂಮಿಯನ್ನು ದಾಖಲಿಸುತ್ತಾನೆ, ಸೃಷ್ಟಿಸುವುದಿಲ್ಲ, ತಪ್ಪು ದಾಖಲಿಸಿದರೆ ಭೂಮಿಯನ್ನೇ ಅಳೆದು ದಾಖಲೆ ತಿದ್ದಿಸಬಹುದು. ಎರಡೂ ಗಟ್ಟಿ ಮಾತು. ‘ವಾಕ್ಯವೊಂದೇ’ ಎನ್ನುವವರಲ್ಲೂ ಎರಡು ಪಂಗಡ ಇರುವುದನ್ನು ಮರೆಯಬಾರದು. ಸುಧಾರಣೆಯ ಕಾಲದ ಹಿರಿಯರು ಹೇಳಿದ ಸೋಲಾ ಸ್ಕ್ರಿಪ್ತುರಾ ಎಂದರೆ ತಪ್ಪದ ಕೊನೆಯ ಅಳತೆಗೋಲು ಶಾಸ್ತ್ರ ಮಾತ್ರ ಎಂದು. ವಿಶ್ವಾಸ ಪ್ರಮಾಣ, ಸಭೆಗಳ ತೀರ್ಮಾನ, ಪಿತೃಗಳ ಬರಹ ಎಲ್ಲಕ್ಕೂ ಅವರಲ್ಲಿ ಜಾಗವಿತ್ತು. ಶಾಸ್ತ್ರ ಬಿಟ್ಟು ಬೇರೇನೂ ಬೇಡ, ನಾನು, ನನ್ನ ಬೈಬಲು, ಪವಿತ್ರಾತ್ಮ ಇಷ್ಟೇ ಸಾಕು ಎನ್ನುವುದು ಈಚೆಗೆ ಬಾಡಿಗೆ ಹಾಲ್‌ಗಳಲ್ಲಿ ಸೇರುವ ಸ್ವತಂತ್ರ ಸಭೆಗಳ ಮಾತು. ಸಿ.ಎಸ್.ಐ. ಆರಾಧನೆಯಲ್ಲೇ ನೈಸಿಯಾದ ವಿಶ್ವಾಸ ಪ್ರಮಾಣ ಹೇಳಿಸುತ್ತಾರಲ್ಲ, ಅದು ಬೈಬಲಿನ ಯಾವ ಅಧ್ಯಾಯದಲ್ಲಿದೆ?

ಹಳೆಯ ಕಚೇರಿಗಳ ರಿಜಿಸ್ಟರುಗಳೂ ಒಂದಕ್ಕೊಂದು ಹೊಂದುವುದಿಲ್ಲ ಎಂಬುದನ್ನು ಅವರ ಪರ ವಾದಿಸುವವರು ಹೆಚ್ಚಾಗಿ ಹೇಳುವುದಿಲ್ಲ. ಹೊಸ ಒಡಂಬಡಿಕೆಯ 27 ಪುಸ್ತಕಗಳನ್ನು ಇಂದಿನಂತೆಯೇ ಮೊದಲು ಪಟ್ಟಿ ಮಾಡಿದ್ದು ಅಲೆಕ್ಸಾಂಡ್ರಿಯದ ಧರ್ಮಾಧ್ಯಕ್ಷ ಅಥನಾಸಿಯುಸ್, 367ರ ಪಾಸ್ಕ (ಈಸ್ಟರ್) ಪತ್ರದಲ್ಲಿ. ಅದೇ ಪತ್ರದ ಹಳೆಯ ಒಡಂಬಡಿಕೆಯಲ್ಲಿ ಎಸ್ತೇರ್ ಇಲ್ಲ, ಬಾರೂಕ ಇದೆ. ಅಂದರೆ ಅವನ ಪಟ್ಟಿ 66ಕ್ಕೂ ಕೂಡುವುದಿಲ್ಲ, 73ಕ್ಕೂ ಕೂಡುವುದಿಲ್ಲ. ಹೀಬ್ರೂ ಮೂಲವಿಲ್ಲದ ಪುಸ್ತಕಗಳನ್ನು ಸಭೆ ಓದಲಿ, ಸಿದ್ಧಾಂತಕ್ಕೆ ಬಳಸದಿರಲಿ ಎಂದವನು ಬೈಬಲನ್ನು ಲ್ಯಾಟಿನ್ನಿಗೆ ತಂದ ಜೆರೋಮ್. ಅವನ ಕಾಲದವನೇ ಆದ ಅಗಸ್ಟೀನ್ ಅದಕ್ಕೆ ಒಪ್ಪಲಿಲ್ಲ. ಚಿಕ್ಕಮಗಳೂರು ಜಿಲ್ಲೆಯ ನರಸಿಂಹರಾಜಪುರದ ಕಡೆ ಕೇರಳದಿಂದ ಬಂದು ನೆಲೆಸಿದ ಸುರಿಯಾನಿ ಕ್ರೈಸ್ತರಿದ್ದಾರೆ. ಅವರ ಪರಂಪರೆಯ ಸಿರಿಯಾಕ್ ಬೈಬಲ್ ಪೆಶಿತ್ತಾದಲ್ಲಿ ಮೊದಲಿಗೆ ಹೊಸ ಒಡಂಬಡಿಕೆಗೆ 22 ಪುಸ್ತಕಗಳೇ ಇದ್ದವು. ಪೇತ್ರನ ಎರಡನೆಯದು, ಯೋಹಾನನ ಎರಡು ಮತ್ತು ಮೂರನೆಯದು, ಯೂದನ ಪತ್ರಿಕೆ, ಪ್ರಕಟನೆ ಇವು ಇರಲಿಲ್ಲ. ಆರು, ಏಳನೇ ಶತಮಾನಗಳ ಅನುವಾದಗಳಲ್ಲಿ ಬಂದವು. ಗ್ರೀಕ್ ಆರ್ಥೊಡಾಕ್ಸರಲ್ಲಿ 73ರ ಮೇಲೆ ಮಕ್ಕಬಿಯರ ಮೂರನೆಯದು, 151ನೇ ಕೀರ್ತನೆ, ಮನಸ್ಸೆಯ ಪ್ರಾರ್ಥನೆಯೂ ಉಂಟು. ಇಥಿಯೋಪಿಯದವರ ಲೆಕ್ಕ 81. ಆದ್ದರಿಂದ 66ನ್ನು ಬಿಟ್ಟು ‘ಹಳೆಯದಕ್ಕೆ’ ಹೋಗುತ್ತೇನೆ ಎಂದು ಹೊರಟವರಿಗೆ ದಾರಿಯಲ್ಲಿ ಹಳೆಯದು ಒಂದಲ್ಲ, ಮೂರು ನಾಲ್ಕು ಸಿಗುತ್ತವೆ. 73ರ ಬೈಬಲನ್ನು ‘ಮೂಲ ಬೈಬಲ್’ ಎಂದು ಮಾರುವ ಅಂಗಡಿಯವನನ್ನು ನಂಬಬೇಡಿ.

ಎರಡೂ ಪುಸ್ತಕಗಳ ನಡುವೆ ಪರಿವಿಡಿಯಷ್ಟೇ ಮುಖ್ಯವಾದ ಇನ್ನೊಂದು ವ್ಯತ್ಯಾಸ ಪುಟದ ತಳದಲ್ಲಿದೆ: ಅಡಿಟಿಪ್ಪಣಿ. ಬೈಬಲ್ ಸೊಸೈಟಿ ಹುಟ್ಟಿದಾಗಲೇ ಹಾಕಿಕೊಂಡ ನಿಯಮ, ಟಿಪ್ಪಣಿಯಾಗಲಿ ವ್ಯಾಖ್ಯಾನವಾಗಲಿ ಇಲ್ಲದೆ ಬೈಬಲ್ ಹಂಚಬೇಕು ಎಂದು. ನಾನಾ ಪಂಗಡಗಳು ಸೇರಿ ನಡೆಸುವ ಸಂಸ್ಥೆಗೆ ಅದು ಅನಿವಾರ್ಯವೂ ಆಗಿತ್ತು. ಕಥೋಲಿಕ ನಿಯಮ ಇದಕ್ಕೆ ಉಲ್ಟಾ. ಅವರ ಕಾನೂನು ಸಂಹಿತೆಯ 825ನೇ ವಿಧಿಯಂತೆ ಬೈಬಲ್ ಅನುವಾದಕ್ಕೆ ಧರ್ಮಾಧ್ಯಕ್ಷರ ಮಂಡಳಿಯ ಅಥವಾ ರೋಮಿನ ಒಪ್ಪಿಗೆ ಬೇಕು, ಜೊತೆಗೆ ಸಾಕಷ್ಟು ವಿವರಣೆಯೂ ಇರಬೇಕು. ಹಾಗಾಗಿ ಮೊದಲ ಪುಟಗಳಲ್ಲಿ ಒಪ್ಪಿಗೆಯ ಮುದ್ರೆ ಇದೆಯೇ ನೋಡಿ. ಕಥೋಲಿಕ ಬಳಕೆಗೆ ತಯಾರಾದ ಪ್ರತಿಗೆ ಅದೇ ಗುರುತು. ಅಧಿಕಾರದ ಬಗ್ಗೆ ಎರಡು ಕಡೆಯವರ ನಂಬಿಕೆ ಏನೆಂದು ತಿಳಿಯಲು ದೈವಶಾಸ್ತ್ರದ ಪುಸ್ತಕ ಬೇಕಿಲ್ಲ, ಪುಟದ ತಳ ನೋಡಿದರೆ ಸಾಕು.

ಟಿಪ್ಪಣಿಯಿಲ್ಲದ ಪ್ರತಿಯಲ್ಲಿ ಮನುಷ್ಯರ ಕೈವಾಡವೇ ಇಲ್ಲ ಎಂದುಕೊಂಡರೆ ಅದೂ ಸುಳ್ಳು. ಅಧ್ಯಾಯಗಳ ವಿಂಗಡಣೆ 13ನೇ ಶತಮಾನದ ಆರಂಭದ ಸ್ಟೀಫನ್ ಲ್ಯಾಂಗ್‌ಟನ್ನನದು ಎನ್ನುತ್ತಾರೆ, ಹೊಸ ಒಡಂಬಡಿಕೆಯ ವಚನಸಂಖ್ಯೆ 1551ರಲ್ಲಿ ರೋಬೇರ್ ಎತಿಯೆನ್ ಎಂಬ ಮುದ್ರಕ ಹಾಕಿದ್ದು. ಭಾಗಗಳ ಮೇಲಿರುವ ತಲೆಬರಹಗಳು ಅನುವಾದಕರವು. ಒಂದು ಭಾಗದ ಮೇಲೆ ಯಾವ ತಲೆಬರಹ ಹಾಕಿದರೋ ಓದುಗ ಆ ಕಣ್ಣಿನಿಂದಲೇ ಓದುತ್ತಾನೆ. ಶೃಂಗೇರಿಯ ಪಾಠದಲ್ಲಿ ಬ್ರಹ್ಮಸೂತ್ರವನ್ನು ಭಾಷ್ಯ ಬದಿಗಿಟ್ಟು ಬರಿಯ ಸೂತ್ರವಾಗಿ ಕಲಿಸುವುದಿಲ್ಲ. ಅದೇ ಸೂತ್ರಕ್ಕೆ ಶಂಕರರದ್ದು ಒಂದು ಭಾಷ್ಯ, ರಾಮಾನುಜರದ್ದು ಇನ್ನೊಂದು, ಮಧ್ವರದ್ದು ಮತ್ತೊಂದು. ಕಥೋಲಿಕ, ಆರ್ಥೊಡಾಕ್ಸ್ ಓದಿನ ರೀತಿ ಇದಕ್ಕೆ ಹತ್ತಿರ. ಪೂರ್ತಿ ಅದೇ ಅಲ್ಲ: ಎರಡನೇ ವ್ಯಾಟಿಕನ್ ಸಭೆ 1965ರ ನವೆಂಬರ್ 18ರಂದು ಹೊರಡಿಸಿದ ದಸ್ತಾವೇಜಿನಲ್ಲಿ ಬೋಧನಾಧಿಕಾರ (ಪೋಪ್ ಮತ್ತು ಧರ್ಮಾಧ್ಯಕ್ಷರ ಬೋಧಿಸುವ ಅಧಿಕಾರ) ದೇವರ ವಾಕ್ಯಕ್ಕಿಂತ ಮೇಲಿನದಲ್ಲ, ಅದರ ಸೇವೆಗಿರುವುದು ಎಂದು ಬರೆದಿದೆ. ‘ಕಥೋಲಿಕರು ಪೋಪನನ್ನು ಬೈಬಲಿನ ಮೇಲೆ ಕೂರಿಸಿದ್ದಾರೆ’ ಎನ್ನುವವರು ಆ ಸಾಲನ್ನು ಓದಿ ಆಮೇಲೆ ವಾದಿಸುವುದು ಲೇಸು.

ಭಾಷೆಯ ವಿಚಾರ. ಜೆ.ವಿ.ಯಲ್ಲಿ ದೇವರ ಹೆಸರು ‘ಯೆಹೋವ’, ಸಿ.ಎಲ್.ನಲ್ಲಿ ‘ಸರ್ವೇಶ್ವರ’. ಅಲ್ಲಿ ‘ಸುವಾರ್ತೆ’, ಇಲ್ಲಿ ‘ಶುಭಸಂದೇಶ’. ಅಲ್ಲಿ ‘ಅಪೊಸ್ತಲರ ಕೃತ್ಯಗಳು’, ಇಲ್ಲಿ ‘ಪ್ರೇಷಿತರ ಕಾರ್ಯಕಲಾಪಗಳು’. ಅಲ್ಲಿ ‘ಸಭೆ’, ಇಲ್ಲಿ ‘ಧರ್ಮಸಭೆ’. ಸತ್ಯವೇದದ ವಚನಗಳನ್ನು ಬಾಯಿಪಾಠ ಮಾಡಿದವರಿಗೆ ಸಿ.ಎಲ್. ಮೊದಲ ತಿಂಗಳು ಸಪ್ಪೆ ಅನಿಸುತ್ತದೆ. ಇಪ್ಪತ್ಮೂರನೇ ಕೀರ್ತನೆ ಬೇರೆ ಮಾತಿನಲ್ಲಿ ಬಂದರೆ ಅದು ನಮ್ಮ ಕೀರ್ತನೆಯೇ ಅಲ್ಲವೇನೋ ಎನ್ನುವಂತೆ. ಬಿಗಿ, ಲಯ, ನೆನಪಿನಲ್ಲಿ ಉಳಿಯುವ ಗುಣ ಜೆ.ವಿ.ಯದೇ ಹೆಚ್ಚು. ಆದರೆ ಪೌಲನ ಉದ್ದ ವಾಕ್ಯಗಳ ಜಾಡು ಹಿಡಿಯಲು, ಮನೆಯಲ್ಲಿ ಗಟ್ಟಿಯಾಗಿ ಓದಲು, ಹದಿನೈದು ವರ್ಷದ ಹುಡುಗರಿಗೆ ಅರ್ಥವಾಗಲು ಸಿ.ಎಲ್. ಮುಂದು. ನಮ್ಮ ಪ್ರಶ್ನೆಗೆ ಎರಡೂ ಬೇಕು, ಏಕೆಂದರೆ ಒಂದೊಂದು ಶಬ್ದದ ಆಯ್ಕೆಯಲ್ಲೇ ಜಗಳ ಅಡಗಿದೆ.

ಎರಡನ್ನೂ ತೆರೆದಿಟ್ಟು ಈ ಜಾಗಗಳನ್ನು ತಾಳೆ ಹಾಕಿ. ಮೊದಲಿಗೆ 2 ತಿಮೊಥೆಯ 3:15ರಿಂದ 17. ಗ್ರೀಕಿನಲ್ಲಿ 16ನೇ ವಚನದ ಮೊದಲ ಭಾಗಕ್ಕೆ ಕ್ರಿಯಾಪದವಿಲ್ಲ. ಹಾಗಾಗಿ ‘ದೈವಪ್ರೇರಿತವಾದ ಶಾಸ್ತ್ರವೆಲ್ಲ ಉಪಯುಕ್ತ’ ಎಂದೂ ಆಗಬಹುದು, ‘ಶಾಸ್ತ್ರವೆಲ್ಲ ದೈವಪ್ರೇರಿತ, ಉಪಯುಕ್ತ ಕೂಡ’ ಎಂದೂ ಆಗಬಹುದು. ನಿಮ್ಮ ಪ್ರತಿ ಯಾವುದನ್ನು ಹಿಡಿದಿದೆ ನೋಡಿ. ಅಲ್ಲಿರುವ ಶಬ್ದ ‘ಉಪಯುಕ್ತ’, ‘ಸಾಕು’ ಎಂದಿಲ್ಲ ಎನ್ನುವುದು ಹಳೆಯ ಸಭೆಗಳ ವಾದ. 17ನೇ ವಚನ ದೇವರ ಮನುಷ್ಯನು ಎಲ್ಲ ಸತ್ಕಾರ್ಯಕ್ಕೂ ಸಜ್ಜಾಗುತ್ತಾನೆ ಎನ್ನುತ್ತದಲ್ಲ, ಇನ್ನೇನು ಬೇಕು ಎನ್ನುವುದು ಪ್ರೊಟೆಸ್ಟೆಂಟರದು. ಎರಡು ಕಡೆಯವರೂ 15ನೇ ವಚನವನ್ನು ಹಾರಿಸಿಬಿಡುತ್ತಾರೆ. ತಿಮೊಥೆಯನು ಚಿಕ್ಕಂದಿನಿಂದ ಬಲ್ಲ ಶಾಸ್ತ್ರ ಎಂದರೆ ಹಳೆಯ ಒಡಂಬಡಿಕೆ. ಈ ವಚನದ ಬಲದ ಮೇಲೆ ಹೊಸ ಒಡಂಬಡಿಕೆಯೂ ಸೇರಿ 66 ಸಾಕು ಎನ್ನಬೇಕಾದರೆ ನಡುವೆ ಇನ್ನೊಂದು ಮೆಟ್ಟಿಲು ಬೇಕು.

ಮುಂದಿನದು ಮತ್ತಾಯ 15:3ರಿಂದ 6 ಮತ್ತು 2 ಥೆಸಲೊನೀಕ 2:15. ಮೊದಲನೆಯದರಲ್ಲಿ ಯೇಸು ಹಿರಿಯರ ಪದ್ಧತಿಯಿಂದ ದೇವರ ಮಾತು ನಿರರ್ಥಕವಾಯಿತು ಎಂದು ಗದರಿಸುತ್ತಾನೆ. ಎರಡನೆಯದರಲ್ಲಿ ಪೌಲ ಬಾಯಿಮಾತಿನಿಂದಾಗಲಿ ಪತ್ರದಿಂದಾಗಲಿ ಕಲಿತದ್ದನ್ನು ಬಿಡದೆ ಹಿಡಿಯಿರಿ ಎನ್ನುತ್ತಾನೆ. ಗ್ರೀಕಿನಲ್ಲಿ ಎರಡೂ ಕಡೆ ಶಬ್ದ ಒಂದೇ, ‘ಪರಾದೋಸಿಸ್’, ಅಂದರೆ ಕೈಯಿಂದ ಕೈಗೆ ದಾಟಿಸಿದ್ದು. ಕನ್ನಡದಲ್ಲಿ ಬೈಯುವ ಕಡೆ ‘ಸಂಪ್ರದಾಯ’, ಹೊಗಳುವ ಕಡೆ ‘ಬೋಧನೆ’ ಎಂದು ಹಾಕಿದ್ದರೆ ಓದುಗನಿಗೆ ನಂಟೇ ಕಾಣುವುದಿಲ್ಲ. ಅಂಥ ಅನುವಾದಗಳು ಇಂಗ್ಲಿಷಿನಲ್ಲೂ ಇವೆ. ಪೆನ್ಸಿಲಿನಲ್ಲಿ ಎರಡೂ ಕಡೆ ಗುರುತು ಹಾಕಿಕೊಳ್ಳಿ.

1 ತಿಮೊಥೆಯ 3:15ರಲ್ಲಿ ಸತ್ಯಕ್ಕೆ ಕಂಬವೂ ಆಧಾರವೂ ಯಾವುದು ಎಂದು ನೋಡಿ, ಅಲ್ಲಿರುವುದು ಸಭೆ. ಅದರ ಎದುರಿಗೆ ಅ.ಕೃ. 17:11 ಇಡಿ. ಬೆರೋಯದವರು ಪೌಲ ಹೇಳಿದ್ದನ್ನೂ ಶಾಸ್ತ್ರದೊಂದಿಗೆ ತಾಳೆ ನೋಡಿದರೆಂದು ಅಲ್ಲಿ ಅವರಿಗೆ ಶಹಭಾಸ್ ಸಿಕ್ಕಿದೆ. ಇಬ್ರಿಯ 11:35ರಲ್ಲಿ ಬಿಡುಗಡೆ ಬೇಡವೆಂದು ಚಿತ್ರಹಿಂಸೆ ತಿಂದವರ ಮಾತು ಬರುತ್ತದೆ. 66 ಪುಸ್ತಕಗಳ ಹಳೆಯ ಒಡಂಬಡಿಕೆಯಲ್ಲಿ ಅದಕ್ಕೆ ಸರಿಹೊಂದುವ ಘಟನೆ ಹುಡುಕಿದರೂ ಸಿಗದು. 2 ಮಕ್ಕಬಿ 7ರಲ್ಲಿ ತಾಯಿ ಮತ್ತು ಏಳು ಮಕ್ಕಳ ಕಥೆಯಾಗಿ ಕಣ್ಣಿಗೆ ಹೊಡೆಯುತ್ತದೆ. ಯೋಹಾನ 10:22ರ ಪ್ರತಿಷ್ಠೆಯ ಹಬ್ಬ ಯಾವುದೆಂಬುದು 1 ಮಕ್ಕಬಿ 4ರಲ್ಲಿದೆ. ಆದರೆ ಇದನ್ನು ಹಿಡಿದು ‘ನೋಡಿ, ಹೊಸ ಒಡಂಬಡಿಕೆಯೇ ಒಪ್ಪಿತು’ ಎಂದು ಕೂಗಬೇಡಿ. ಯೂದನ ಪತ್ರಿಕೆ 14ನೇ ವಚನದಲ್ಲಿ ಹನೋಕನ ಪುಸ್ತಕದ ಮಾತನ್ನೇ ಎತ್ತಿ ಹೇಳುತ್ತದೆ. ಆ ಪುಸ್ತಕ ಕಥೋಲಿಕರ 73ರಲ್ಲೂ ಇಲ್ಲ.

ಏಳು ಪುಸ್ತಕಗಳನ್ನು ಓದುವ ಕ್ರಮ. ಒಟ್ಟು 137 ಅಧ್ಯಾಯ: ತೊಬೀತ 14, ಯೂದಿತ್ 16, ಜ್ಞಾನಗ್ರಂಥ 19, ಸಿರಾಖ 51, ಬಾರೂಕ 6, ಮಕ್ಕಬಿ 16 ಮತ್ತು 15. ದಿನಕ್ಕೆ ಮೂರು ಅಧ್ಯಾಯದಂತೆ 46 ದಿನದ ಕೆಲಸ. ಪರಿವಿಡಿಯ ಕ್ರಮದಲ್ಲೇ ಹೊರಟರೆ ಎದುರಿಗೆ ಬರುವುದು ತೊಬೀತನ ಮೀನಿನ ಪಿತ್ತ, ದೆವ್ವ ಓಡಿಸುವ ಹೊಗೆ. ‘ಇದೇನು ಅಜ್ಜಿಕಥೆ’ ಎಂದು ಮೂರನೇ ದಿನಕ್ಕೆ ಮುಚ್ಚಿಡುವವರು ಬಹಳ. 1 ಮಕ್ಕಬಿಯಿಂದ ಶುರುಮಾಡಿ. ಮಲಾಕಿಯನಿಗೂ ಮತ್ತಾಯನಿಗೂ ನಡುವಿನ ಬರಿದಾದ ಪುಟದಲ್ಲಿ ಏನಾಯಿತು ಎಂಬ ಇತಿಹಾಸ ಅಲ್ಲಿದೆ. ಆಮೇಲೆ ಸಿರಾಖ, 46 ದಿನದ ಲೆಕ್ಕ ಮೀರಿದರೂ ಇದಕ್ಕೆ ದಿನಕ್ಕೆ ಒಂದೇ ಅಧ್ಯಾಯ ಸಾಕು, ಗಾದೆಯಂಥ ಮಾತುಗಳನ್ನು ಒಟ್ಟಿಗೆ ನುಂಗಿದರೆ ಅಜೀರ್ಣ. ಅದರ ಮುನ್ನುಡಿಯನ್ನು ಬಿಡಬೇಡಿ. ಗ್ರಂಥಕರ್ತನ ಮೊಮ್ಮಗ ಕ್ರಿ.ಪೂ. 132ರ ಆಸುಪಾಸು ಈಜಿಪ್ಟಿಗೆ ಬಂದು, ಅಜ್ಜ ಹೀಬ್ರೂವಿನಲ್ಲಿ ಬರೆದದ್ದನ್ನು ಗ್ರೀಕಿಗೆ ತಂದವನು. ಅನುವಾದದಲ್ಲಿ ಮೂಲದ ಬಲ ಉಳಿಯದು ಎಂದು ಅಲ್ಲೇ ಒಪ್ಪಿಕೊಳ್ಳುತ್ತಾನೆ. ಅನುವಾದಕರೆಲ್ಲ ಗೋಡೆಗೆ ಅಂಟಿಸಿಕೊಳ್ಳಬೇಕಾದ ಪುಟ. ನಂತರ ಜ್ಞಾನಗ್ರಂಥ, ಅದರಲ್ಲೂ 2 ಮತ್ತು 13ನೇ ಅಧ್ಯಾಯಗಳು. ಆಮೇಲೆ 2 ಮಕ್ಕಬಿ. ಸತ್ತವರಿಗಾಗಿ ಪ್ರಾರ್ಥನೆಯ ವಿವಾದಕ್ಕೆ ಮೂಲವಾದ 12:43ರಿಂದ ಮುಂದಿನ ಭಾಗ ಇರುವುದು ಅದರಲ್ಲೇ. ತೊಬೀತ, ಯೂದಿತ್ ಕೊನೆಗಿರಲಿ.

ಕೊರತೆಗಳನ್ನು ಮುಚ್ಚಿಡಬೇಕಿಲ್ಲ. ಯೂದಿತ್ ಗ್ರಂಥದ ಮೊದಲ ವಚನವೇ ನೆಬೂಕದ್ನೆಚ್ಚರನನ್ನು ನಿನೆವೆಯಲ್ಲಿ ಆಳಿದ ಅಸ್ಸೀರಿಯದ ರಾಜ ಎನ್ನುತ್ತದೆ. ಅವನು ಬಾಬಿಲೋನಿನವನು, ಅವನು ಪಟ್ಟಕ್ಕೆ ಬರುವ ಮೊದಲೇ ನಿನೆವೆ ಹಾಳಾಗಿತ್ತು. ಕಥೆಯಾಗಿ ಓದಿದರೆ ತೊಂದರೆಯಿಲ್ಲ, ಚರಿತ್ರೆಯಾಗಿ ಓದಿದರೆ ಸಿಕ್ಕಿಬೀಳುತ್ತೀರಿ. 1 ಮಕ್ಕಬಿ 9:27 ತನ್ನ ಕಾಲಕ್ಕೆ ಪ್ರವಾದಿಗಳು ಇರಲಿಲ್ಲ ಎಂದು ತಾನೇ ಹೇಳುತ್ತದೆ, ಪ್ರೊಟೆಸ್ಟೆಂಟರು ಸರಿಯಾಗಿಯೇ ಅದನ್ನು ಎತ್ತಿ ತೋರಿಸುತ್ತಾರೆ. ಮತ್ತೊಂದು ಕಡೆ, ‘ಇವು ಬರೀ ಗ್ರೀಕ್, ಯೆಹೂದ್ಯರಲ್ಲಿ ಇರಲೇ ಇಲ್ಲ’ ಎಂಬ ಹಳೆಯ ವಾದ ಈಗ ನಿಲ್ಲುವುದಿಲ್ಲ. ತೊಬೀತನ ಅರಾಮಿಕ್, ಹೀಬ್ರೂ ತುಣುಕುಗಳು ಮೃತ ಸಮುದ್ರದ ಬಳಿಯ ಕುಮ್ರಾನ್ ಗವಿಗಳಲ್ಲಿ ಸಿಕ್ಕಿವೆ. ಸಿರಾಖನ ಹೀಬ್ರೂ ಸುರುಳಿ ಮಸಾದ ಕೋಟೆಯಲ್ಲಿ ಸಿಕ್ಕಿದೆ.

ಹೊಸಬರು ಎಡವುವುದು ಸಂಖ್ಯೆಗಳಲ್ಲಿ. ಹಳೆಯ ಕಥೋಲಿಕ ಪುಸ್ತಕಗಳಲ್ಲಿ ‘ಕೀರ್ತನೆ 50’ ಎಂದಿದ್ದರೆ ಅದು ಸತ್ಯವೇದದ 51. ಗ್ರೀಕ್ ಎಣಿಕೆಯಲ್ಲಿ 9 ಮತ್ತು 10 ಒಂದೇ ಕೀರ್ತನೆಯಾದ ಕಾರಣ ಅಲ್ಲಿಂದ ಹೆಚ್ಚಿನವು ಒಂದೊಂದು ಸಂಖ್ಯೆ ಹಿಂದೆ. 148ರಿಂದ ಮತ್ತೆ ಸರಿಹೋಗುತ್ತದೆ. ಯೋವೇಲ, ಮಲಾಕಿಯ ಗ್ರಂಥಗಳ ಕೊನೆಯ ಅಧ್ಯಾಯಗಳ ವಿಂಗಡಣೆ ಕೆಲವು ಆವೃತ್ತಿಗಳಲ್ಲಿ ಬೇರೆ. ಸಿರಾಖನ ವಚನಸಂಖ್ಯೆಯಂತೂ ಒಂದು ಅನುವಾದದಿಂದ ಇನ್ನೊಂದಕ್ಕೆ ಎರಡು ಮೂರು ವಚನ ಆಚೀಚೆ. ತೊಬೀತನಿಗೆ ಗ್ರೀಕಿನಲ್ಲೇ ಉದ್ದದ್ದೊಂದು, ಗಿಡ್ಡದ್ದೊಂದು ಎರಡು ಪಾಠಗಳಿವೆ. ಇಂಗ್ಲಿಷ್ ಪುಸ್ತಕದ ಉಲ್ಲೇಖ ಕನ್ನಡದಲ್ಲಿ ಸಿಗದಿದ್ದರೆ ಪುಸ್ತಕ ಖೋಟಾ ಎಂದುಕೊಳ್ಳದೆ ಮುಂದಿನ ಹಿಂದಿನ ಐದು ವಚನ ನೋಡಿ.

ಹಾಸನ ಸೀಮೆಯಲ್ಲಿ ಈ ಚರ್ಚೆಗೆ ಒಂದು ಹಳೆಯ ಸಾಕ್ಷಿಯೂ ಇದೆ. ಮೈಸೂರು ಪ್ರಾಂತ್ಯದಲ್ಲಿ ಬಹುಕಾಲ ಇದ್ದ ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ 1823ರಲ್ಲಿ ದೇಶಕ್ಕೆ ಹಿಂದಿರುಗಿದ. ಕನ್ನಡದಲ್ಲಿ ಪೂರ್ತಿ ಬೈಬಲ್ ಆಗ ಅಚ್ಚಾಗಿರಲಿಲ್ಲ. ಆದರೂ ಈ ಭಾಗದ ರೈತ ಹಳ್ಳಿಗಳಲ್ಲಿ ಕಥೋಲಿಕರು ಜಪ, ಪೂಜೆ, ಜ್ಞಾನಸ್ನಾನ, ಬಾಯಿಪಾಠದ ಧರ್ಮೋಪದೇಶಗಳಲ್ಲೇ ಬಾಳುತ್ತಿದ್ದರು. ಹೇಮಾವತಿ ಹಿನ್ನೀರಿನಲ್ಲಿ ಮುಳುಗೇಳುವ ಶೆಟ್ಟಿಹಳ್ಳಿಯ ಚರ್ಚನ್ನು ಫ್ರೆಂಚ್ ಮಿಷನರಿಗಳು ಕಟ್ಟಿದ್ದೂ ಆ ಪರಂಪರೆಯ ಮುಂದುವರಿಕೆಯೇ. ಪುಸ್ತಕವಿಲ್ಲದೆ ನಂಬಿಕೆ ದಾಟಿ ಬಂತು ಎಂದು ಒಬ್ಬರು ಹೇಳಬಹುದು. ಪುಸ್ತಕ ಕೊಡದೆ ಜನರನ್ನು ಅಷ್ಟು ಕಾಲ ಇಟ್ಟರು ಎಂದು ಇನ್ನೊಬ್ಬರು. ದುಬುವಾ ಸ್ವತಃ ಬೈಬಲ್ ಅನುವಾದಿಸಿ ಹಂಚುವುದರಿಂದ ಇಲ್ಲಿ ಏನೂ ಸಾಧನೆಯಾಗದು ಎಂದು ವಾದಿಸಿದವನು. ಕನ್ನಡದ ಮಟ್ಟಿಗೆ ಅವನ ಆ ಮಾತು ತಪ್ಪಾಯಿತು ಎಂದೇ ನಮ್ಮ ಅಭಿಪ್ರಾಯ; ಇಂದು ಅವನ ಸಭೆಯವರೇ 73 ಪುಸ್ತಕಗಳ ಕನ್ನಡ ಬೈಬಲನ್ನು ಪೀಠದ ಮೇಲಿಟ್ಟು ಓದುತ್ತಾರೆ.

ಯಾರು ಯಾವುದನ್ನು ಕೊಳ್ಳಬೇಕು? ಮನೆಯಲ್ಲಿ ಜೆ.ವಿ. ಈಗಾಗಲೇ ಇದ್ದರೆ ಇನ್ನೊಂದು ಜೆ.ವಿ. ಬೇಡ, 73ರದ್ದನ್ನೇ ತನ್ನಿ. ಪ್ರೊಟೆಸ್ಟೆಂಟರಾಗಿಯೇ ಉಳಿಯುವವರಿಗೂ ಇದು ಅನ್ವಯಿಸುತ್ತದೆ. ಒಂದನ್ನೇ ಇಟ್ಟುಕೊಳ್ಳಬೇಕು, ಬಾಯಿಪಾಠವೇ ಮುಖ್ಯ ಎನ್ನುವವರಿಗೆ ಜೆ.ವಿ. ಸಾಕು. ಆರ್ಥೊಡಾಕ್ಸ್ ಅಥವಾ ಸುರಿಯಾನಿ ಪರಂಪರೆಯನ್ನು ಅರಿಯಬೇಕೆಂದು ಹೊರಟವರಿಗೆ 73ರ ಬೈಬಲ್ ಅರ್ಧ ದಾರಿಯೂ ಅಲ್ಲ. ಅಲ್ಲಿ ಶಾಸ್ತ್ರವನ್ನು ಆರಾಧನೆಯ ನಡುವೆ ಕೇಳಿ ಕಲಿಯುವುದು ಮುಖ್ಯ. ಒಂದು ಭಾನುವಾರ ಬೆಳಗ್ಗೆ ಹೋಗಿ ಪೂರ್ತಿ ಆರಾಧನೆಗೆ ನಿಂತರೆ ಗೊತ್ತಾಗುವಷ್ಟು ಪುಸ್ತಕದಿಂದ ಗೊತ್ತಾಗದು.

ಇನ್ನು ಪುಸ್ತಕದ ಮೈಕಟ್ಟು. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗಿಳಿಯುವುದರಿಂದ ಸಣ್ಣ ಅಕ್ಷರದ ಪ್ರತಿಗಳಲ್ಲಿ ಅವು ಮಸಿಯ ಚುಕ್ಕೆಯಾಗಿಬಿಡುತ್ತವೆ. ‘ಕೀರ್ತನೆ’, ‘ಒಡಂಬಡಿಕೆ’ ನೋಡಿ ತೃಪ್ತಿಪಡಬೇಡಿ, ಹೆಸರುಗಳು ಕಿಕ್ಕಿರಿದ 1 ಪೂರ್ವಕಾಲವೃತ್ತಾಂತದ ಮೊದಲ ಅಧ್ಯಾಯ ತೆರೆದು ಒತ್ತು ಓದಲು ಬರುತ್ತದೆಯೇ ನೋಡಿ. ಬೈಬಲ್ ಕಾಗದ ತೆಳುವಾದ್ದರಿಂದ ಹಿಂದಿನ ಪುಟದ ಅಕ್ಷರ ಮುಂದೆ ಮೂಡುವುದು ಸಹಜ. ಕೆಳಗೊಂದು ಬಿಳಿ ಹಾಳೆ ಇಟ್ಟು ಓದಿದರೆ ಕಣ್ಣಿಗೆ ಹಿತ. ಪೆನ್ನು ಮುಟ್ಟಿಸಬೇಡಿ, ಮಸಿ ಆಚೆ ಇಳಿಯುತ್ತದೆ. ಮೆತ್ತನೆಯ ಪೆನ್ಸಿಲ್ ಸಾಕು. 73ರದ್ದು ದಪ್ಪವಾದ್ದರಿಂದ ಬೈಂಡಿಂಗ್ ಹೊಲಿಗೆಯದೇ ಆಗಿರಬೇಕು. ಪುಸ್ತಕವನ್ನು ಮಧ್ಯಕ್ಕೆ ತೆರೆದು ಬೆನ್ನಿನ ಒಳಗೆ ದಾರ ಕಂಡರೆ ಸರಿ. ಬರೀ ಗೋಂದಾದರೆ ಎರಡು ವರ್ಷಕ್ಕೆ ಆದಿಕಾಂಡವೂ ಪ್ರಕಟನೆಯೂ ಬಿಡಿ ಹಾಳೆಗಳಾಗುತ್ತವೆ.

ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆಯವರು ಜಿಪ್ ಇರುವ ರೆಕ್ಸಿನ್ ಕವರನ್ನು ಕೊಳ್ಳದಿರುವುದೇ ವಾಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದರೊಳಗೆ ಸಿಕ್ಕ ತೇವ ಹೊರಬರದೆ ಬೂಷ್ಟು ಹಿಡಿಯುತ್ತದೆ, ರೆಕ್ಸಿನ್ ರಟ್ಟಿಗೆ ಅಂಟಿಕೊಳ್ಳುತ್ತದೆ. ಬಟ್ಟೆಯ ಕವರ್ ಹಾಕಿ, ಅಡುಗೆಮನೆಗೆ ಹತ್ತಿರದ ಒಣ ಕಪಾಟಿನಲ್ಲಿ ನಿಲ್ಲಿಸಿಡಿ, ವಾರಕ್ಕೊಮ್ಮೆ ಪುಟ ಬಿಡಿಸಿ ಗಾಳಿಯಾಡಿಸಿ. ದಿನಾ ಓದುವವರ ಪ್ರತಿಗೆ ಬೂಷ್ಟು ಬರುವುದು ಕಡಿಮೆ.